ಖುಷಿಗೆ ಓಡುವವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಈ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲೂ ಕೂತಲ್ಲಿ ಕೂರದವಳು. ದಿನವಿಡೀ ನಿಂತು ದುಡಿಯಬೇಕಾದರೂ ಬೆಳಿಗ್ಗೆ ಹದಿನೈದು ಕಿಲೋಮೀಟರ್ ಓಡದೆ ಕೆಲಸಕ್ಕೆ ಹೋಗುವುದಿಲ್ಲ. ಕಳೆದ ತಿಂಗಳು ಐವತ್ತು ಕಿಲೋಮೀಟರಿನ ಓಟ ಮುಗಿಸಿದಾಗ ಪತ್ರಿಕೆಯವನೊಬ್ಬ, "ಯಾಕೆ ಓಡ್ತೀರಮ್ಮ?" ಎಂದು ಕೇಳಿದ.

"ಖುಷಿಯಾಗುತ್ತೆ, ಅದಕ್ಕೆ" ಎಂದಳು.

ಮರುದಿನ ಅಚ್ಚಾದದ್ದು, 'ಕುಡುಕ ಗಂಡನ ಕಾಟ ಮರೆಯಲು ಓಟ!'

ಗಂಡನೋ ಚಹಾ ಬಿಟ್ಟು ಬೇರೇನೂ ಮುಟ್ಟದ ಸಾಧು. "ಲೇ, ನಾನು ಕುಡಿಯೋಕೆ ಯಾವಾಗ ಶುರು ಮಾಡ್ದೆ? ನನಗೂ ಒಂದು ಮಾತು ಹೇಳಬಾರದಾ?" ಎಂದು ನಕ್ಕ. ಅವಳು ನಗಲಿಲ್ಲ. ನೆಟ್ಟಗೆ ಪತ್ರಿಕೆಯ ಕಚೇರಿಗೇ ಹೋದಳು.

"ಬರೀ ಖುಷಿ ಅಂದ್ರೆ ಯಾರು ಓದ್ತಾರಮ್ಮ?" ಎಂದ ಸಂಪಾದಕ.

"ಬಡವರ ಮನೆ ಹೆಂಗಸು ಅಂದ್ರೆ ಅಳ್ತಾನೇ ಓಡಬೇಕೇನ್ರೀ? ನಾನು ಹೇಳಿದ್ದನ್ನ ಬರೀರಿ."

ಎಂಥ ಅನ್ಯಾಯ ನೋಡಿ! ಸಿರಿವಂತರು ಓಡಿದರೆ ಹವ್ಯಾಸವಂತೆ, ಇವಳು ಓಡಿದರೆ ಕಣ್ಣೀರಂತೆ. ಎರಡು ದಿನ ಬಿಟ್ಟು ಒಂದು ಮೂಲೆಯಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ, ಗಂಡ ಕುಡುಕನಲ್ಲವೆಂದು ತಿದ್ದುಪಡಿ ಹಾಕಿದರು. ಖುಷಿಯ ಮಾತು ಅದರಲ್ಲಿಯೂ ಇರಲಿಲ್ಲ.