ವಿಮಾನದ ಆಟದೊಳಗಿನ ಮಳೆ

ಫೋನ್ ಸ್ಕ್ರೀನ್ ಮೇಲೆ ಗೆರೆ ಬಿದ್ದಿದೆ ಅಂತ ಇವತ್ತು ಟಿನ್ ಫ್ಯಾಕ್ಟರಿ ಹತ್ರ ರಿಪೇರಿ ಅಂಗಡಿಗೆ ಹೋಗಿದ್ದೆ. ಸೋಲ್ಡರಿಂಗ್ ಹೊಗೆ ಮೂಗಿಗೆ ಬಡಿದಿದ್ದೇ ತಡ, ಶಿವಾಜಿನಗರದಲ್ಲಿದ್ದ ನಮ್ಮ ಅಬ್ಬಾನ ವಿಡಿಯೋ ಗೇಮ್ ಅಂಗಡಿ ಕಣ್ಮುಂದೆ ಬಂತು.

ಅಲ್ಲಿನ ವಿಮಾನದ ಆಟದಲ್ಲಿ ಸದಾ ನೀಲಿ ಗೆರೆಗಳು ಸುರೀತಿದ್ವು. ಮೆಷಿನ್ ಸೆಕೆಂಡ್‌ಹ್ಯಾಂಡ್ ಬಂದಾಗಿಂದ್ಲೂ ಹಾಗೇ. ಅದು ಮಳೆ ಅಂತ್ಲೇ ನಾವೆಲ್ಲ ಅಂದ್ಕೊಂಡಿದ್ವಿ. ಅಬ್ಬಾಗೆ ಮಾತ್ರ ಅನುಮಾನ. ಒಂದಿನ ಮೆಷಿನ್ನಿನ ಹಿಂಬಾಗಿಲು ತೆಗೆದು, ಬೋರ್ಡಿನ ಚಿಪ್‌ಗಳನ್ನ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ್ರು. ಸುಡ್ತಿದ್ದ ಚಿಪ್ಪಿನ ಬೆನ್ನ ಮೇಲೆ ಅಂಥದ್ದೇ ಒಳ್ಳೇ ಚಿಪ್ ಒಂದನ್ನಿಟ್ಟು ಹೆಬ್ಬೆರಳಿಂದ ಒತ್ತಿದ್ರು. ಗೆರೆಗಳು ಮಾಯ. ಅವುಗಳ ಹಿಂದೆ ಸ್ಕ್ರೀನಲ್ಲಿ ಒಂದು ಬೆಟ್ಟ, ಅದರ ಮೇಲೊಂದು ಬಿಳಿ ಮನೆ.

"ಅಂಕಲ್, ಮಳೆ ಎಲ್ಲೋಯ್ತು? ಮಳೇಲಿ ಹಾರಿಸೋದೇ ಮಜಾ," ಅಂತ ಆಡ್ತಿದ್ದ ಹುಡುಗರು ಮುಖ ಊದಿಸ್ಕೊಂಡ್ರು.

ಅಬ್ಬಾ ನಗ್ತಾ ಬೆರಳು ತೆಗೆದ್ರು. ಮಳೆ ವಾಪಸ್ ಬಂತು. ಆಮೇಲೆ ಅದನ್ನ ರಿಪೇರಿ ಮಾಡ್ಲೇ ಇಲ್ಲ. ಅಂಗಡಿ ಖಾಲಿ ಇದ್ದಾಗ ನಾನು ಕೇಳಿದ್ರೆ ಮಾತ್ರ, ಚಿಪ್ ಒತ್ತಿ ಹಿಡಿದು ಆ ಮನೆ ತೋರಿಸ್ತಿದ್ರು.

ಇವತ್ತು ಅಂಗಡಿಯವನು ಸ್ಕ್ರೀನ್ ಬದಲಾಯಿಸ್ಬೇಕು ಅಂದ. ನಾನು ಫೋನಿನ ಬೆನ್ನಿಗೆ ಹೆಬ್ಬೆರಳು ಒತ್ತಿ ಹಿಡಿದೆ.

"ಒತ್ತಿದ್ರೆ ಹೋಗಲ್ಲ ಮೇಡಂ."

"ಗೊತ್ತು," ಅಂದೆ. ಬೆರಳು ತೆಗೀಲಿಲ್ಲ.