ಹಲೀಮಾಬಿ ಪೋಣಿಸಿದ ದೇವರ ಸರ

ಹಲೀಮಾಬಿಯ ತುಟಿಗಳ ನಡುವೆ ಯಾವಾಗಲೂ ಒಂದು ರೇಷ್ಮೆ ದಾರದ ತುದಿ ಇರುತ್ತಿತ್ತು. ಬೈಯುವಾಗಲೂ ನಗುವಾಗಲೂ ಅದು ಬೀಳುತ್ತಿರಲಿಲ್ಲ. ಬಾಯಲ್ಲಿ ನೆನೆಸಿ, ತುಟಿಯಿಂದ ಹೊಸೆದು ಚೂಪು ಮಾಡಿದರೆ ಮಾತ್ರ ದಾರ ಮುತ್ತಿನ ಸಣ್ಣ ತೂತಿನಲ್ಲಿ ನುಗ್ಗುತ್ತದೆ ಎನ್ನುತ್ತಿದ್ದರು.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎದುರು ಮನೆ. ವಿಜಯಪುರದ ಕಡೆಯವರು. ಸರಾಫರ ಅಂಗಡಿಗಳಿಂದ ಬಂದ ಹಳೆಯ ಮುತ್ತಿನ ಸರಗಳನ್ನು ಬಿಚ್ಚಿ ಹೊಸದಾಗಿ ಪೋಣಿಸುವುದು ಅವರ ಕಸುಬು. ಅಡುಗೆ ಮುಗಿಸಿ, ದೇವರ ದಯೆಯಿಂದ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದ ದಿನ ಬಟ್ಟೆಯನ್ನೂ ಮುಗಿಸಿ, ನಾನು ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಒಂದು ಮುತ್ತು, ಒಂದು ಗಂಟು. ಬಿಗಿಯುವ ಮೊದಲು ಕುಣಿಕೆಯೊಳಗೆ ಸೂಜಿ ಇಟ್ಟು, ಮುತ್ತಿನ ಬುಡದವರೆಗೆ ಜಾರಿಸಿ, ಸೂಜಿ ತೆಗೆದು ಉಗುರಿನಿಂದ ಒತ್ತಬೇಕು. ನಾನು ಹಾಕಿದ ಗಂಟು ನಡುದಾರಿಯಲ್ಲೇ ನಿಂತುಬಿಡುತ್ತಿತ್ತು.

“ಏ ಸಾವಿತ್ರಿ, ಇದೇನ್ ಗಂಟೋ ಜೋಕಾಲಿನೋ? ಮುತ್ತು ತೂಗ್ಯಾಡಾಕತ್ತೈತಿ ನೋಡು!”

“ಎಲ್ಲಾ ಮುತ್ತಿಗೂ ಗಂಟ್ಯಾಕ್ ಬೇಕ್ರಿ?”

“ಒಂದಕ್ಕೊಂದು ತಿಕ್ಕಿ ಸವೀತಾವ. ಅತ್ತಿ ಸೊಸಿ ನಡುವ ಒಂದು ಗ್ವಾಡಿ ಬ್ಯಾಡೇನು?” ಎಂದು ನಮ್ಮತ್ತೆಗೆ ಕೇಳಿಸುವಂತೆಯೇ ಹೇಳಿ ನಗುತ್ತಿದ್ದರು.

ಕಣ್ಣಿಗೆ ಪೊರೆ ಬಂದಾಗಲೂ ಅದೇ ನಗು. ಡಾಕ್ಟರು ಅದಕ್ಕೆ ಮೋತಿಬಿಂದು, ಅಂದರೆ ಮುತ್ತಿನ ಬಿಂದು, ಅಂದರಂತೆ. “ಜನ್ಮಾಪೂರಾ ಮೋತಿ ಹಿಡದೆ, ಕಡೀಕ ಕಣ್ಣಾಗ ಬಂದು ಕುಂತ್ವು.”

ಆ ವರ್ಷ ನವರಾತ್ರಿಗೆ ಮೊದಲು ನಮ್ಮ ಮನೆಯ ಲಕ್ಷ್ಮಿಯ ಮುತ್ತಿನ ಸರವನ್ನು ಅವರಿಗೆ ಕೊಟ್ಟೆ. ಕೊಡುವಾಗ ಹೇಳಿದೆ: “ಇದು ದೇವರದು ಹಲೀಮಾಬಿ. ದಾರ ಬಾಯಾಗ ಹಾಕಬ್ಯಾಡ್ರಿ. ಎಂಜಲಾಗ್ತದ.”

ಅವರು ತುಟಿಯಲ್ಲಿದ್ದ ದಾರವನ್ನು ಮೆಲ್ಲಗೆ ತೆಗೆದರು. “ಆತವ್ವಾ. ದೇವರದಂದ್ರ ದೇವರದು.”

ಬಟ್ಟಲಲ್ಲಿ ನೀರಿಟ್ಟುಕೊಂಡರು. ನೀರಿಗೆ ರೇಷ್ಮೆ ಒಗ್ಗೂಡದೆ ಎಳೆ ಎಳೆಯಾಗಿ ಬಿಡುತ್ತಿತ್ತು. ಆ ಮಂಜುಗಣ್ಣಿನಲ್ಲಿ ಕಿಟಕಿಗೆ ಆತು ಕೂತು, ದಿನಗಟ್ಟಲೆ ಒದ್ದಾಡಿ ಪೋಣಿಸಿದರು. ಒಂದು ಗಂಟೂ ಸಡಿಲವಿರಲಿಲ್ಲ. ಆದರೆ ಅಲ್ಲಿಂದಾಚೆಗೆ, ಕೈಯಲ್ಲಿ ಯಾರ ಸರವೇ ಇರಲಿ, ನಾನು ಹೊಸ್ತಿಲು ದಾಟಿದ ಕೂಡಲೇ ದಾರವನ್ನು ಬಾಯಿಂದ ತೆಗೆದುಬಿಡುತ್ತಿದ್ದರು. ನಾನು ಎದ್ದು ಬರುವವರೆಗೆ ಕೆಲಸ ನಿಲ್ಲುತ್ತಿತ್ತು. ಅವರ ಕೆಲಸ ಕೆಡಬಾರದೆಂದು ನನಗೆ ನಾನೇ ಹೇಳಿಕೊಂಡು, ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅವರು ಭಾಂಡುಪಿಗೆ, ಮಗಳ ಮನೆಗೆ ಹೊರಟ ದಿನ ಸಾಮಾನು ಇಳಿಸಲು ಕೈ ಹಚ್ಚಿದೆ, ಅಷ್ಟೇ.

ಈ ವರ್ಷ ಎಣ್ಣೆ ಕುಂಕುಮ ಹತ್ತಿ ದೇವಿಯ ಸರದ ದಾರ ಕಪ್ಪಾಗಿತ್ತು. ಹೊಸದಾಗಿ ಪೋಣಿಸಲು ಸಯನ್‌ನ ಒಂದು ಸರಾಫರ ಅಂಗಡಿಗೆ ಒಯ್ದೆ. ಹಣೆಗೆ ಗಂಧ ಹಚ್ಚಿದ್ದ ಹಿರಿಯರೊಬ್ಬರು ಗಂಟುಗಳನ್ನು ಮುಟ್ಟಿ ನೋಡಿ, “ಕಾಯ್ ಹಾತ್ ಆಹೇ!” ಎಂದು ಆ ಕೈಯನ್ನು ಮೆಚ್ಚಿಕೊಂಡೇ ಕತ್ತರಿ ಹಾಕಿದರು. ಆಮೇಲೆ ಹೊಸ ದಾರ ತೆಗೆದು ಸೀದಾ ಬಾಯಿಗಿಟ್ಟರು. ದೇವರ ಸರವೆಂದು ಅವರಿಗೆ ಹೇಳಿಯೇ ಇದ್ದೆ. ಆದರೂ ಸುಮ್ಮನೆ ನೋಡುತ್ತ ನಿಂತೆ. ಮನೆಗೆ ಬಂದು ದೇವಿಗೆ ಸರ ಹಾಕಿ ಕೈ ಮುಗಿದಾಗ ನೆನಪಾಯಿತು. ಹಲೀಮಾಬಿಯ ಬಾಯಿಗೆ ಬೇಡವೆಂದವಳು ಈ ಬಾಯಿಗೆ ಯಾಕೆ ಬೇಡವೆನ್ನಲಿಲ್ಲ? ದೇವಿಯ ಮುಖ ನೋಡಲಾಗಲಿಲ್ಲ.

ತಪ್ಪಾಯಿತು ಎನ್ನಲೆಂದೇ ಮರುದಿನ ಲೋಕಲ್ ರೈಲು ಹತ್ತಿ ಭಾಂಡುಪಿಗೆ ಹೋದೆ. ಕೂರಲು ಜಾಗ ಸಿಕ್ಕಿತು. ಅಂಥ ದಿನವೂ ದೇವರು ಅಷ್ಟು ದಯೆ ತೋರಿದ. ಅದೇ ನಮ್ಮ ಕೊನೆಯ ಭೇಟಿಯಾಯಿತು. ಹಲೀಮಾಬಿ ಹಾಸಿಗೆ ಹಿಡಿದಿದ್ದರು. ದನಿಯಿಂದಲೇ ಗುರುತಿಸಿ, ನಾನು ಬಂದ ವಿಷಯ ಎತ್ತುವ ಮೊದಲೇ ಕೇಳಿದರು:

“ಸಾವಿತ್ರಿ, ದೇವರ ಸರ ಹರೀಲಿಲ್ಲಲ್ಲಾ? ಬಾಯಿ ಹಚ್ಚಲಾರದ ಪೋಣಿಸಿದ್ದು ಅದೊಂದ. ಪೂಜಾದಾಗ ಹರದು ನಿನಗೇನರೆ ಅಪಶಕುನ ಆದೀತಂತ ಹೆದರಿಕಿ ಇತ್ತು ನನಗ.”

“ಇಲ್ರೀ. ಹರೀಲೇ ಇಲ್ಲ.”

“ಬಸ್, ಅಷ್ಟಾದ್ರ ಸಾಕು ತಾಯಿ,” ಎಂದು ಕೈ ಚಾಚಿ ನನ್ನ ತಲೆ ಸವರಿದರು. ಹೇಳಲು ಬಂದದ್ದನ್ನು ಹೇಳದೆಯೇ ನಾನು ಆ ಕೈಯ ಕೆಳಗೆ ತಲೆ ಬಗ್ಗಿಸಿ ಕೂತೆ.