ಪೊಯ್ಯಕುದ್ರುವಿನ ಪಚ್ಚಿಲೆ, ಶಾರ್ಜಾದ ಬಟ್ಟೆ

ಓಯ್, ಆಚೆ ದಡದವರೇ! ಹೋಟೆಲಿನ ಬೆಂಚಲ್ಲಿ ಕೂತವರೇ! ಲತೀಶಾ, ವಿಖ್ಯಾತಾ, ಚಾ ಕೆಳಗಿಟ್ಟು ಇತ್ತ ಕಿವಿ ಕೊಡಿ ಮಾರಾಯ್ರೆ! ಪೊಯ್ಯಕುದ್ರುವಿನಿಂದ ಪ್ರವೀತ್ ಮಾತಾಡುವುದು. "ಹಗ್ಗಕ್ಕೆ ಸೀರೆ ಉಡಿಸುವ ಊರಿನವ" ಅಂತ ಇಡೀ ಬೇಸಗೆ ನನ್ನನ್ನು ತಮಾಷೆ ಮಾಡಿದಿರಲ್ಲ? ಆ ಹಗ್ಗ ಇವತ್ತು ಮೇಲೆ ಬಂತು. ಫೋನಿನ ಸೌಂಡು ಜೋರು ಮಾಡಿ, ಯಶ್ಮಿತಾಳ ಕತೆಯನ್ನು ಮೊದಲಿನಿಂದಲೇ ಹೇಳುತ್ತೇನೆ.

ಯಶ್ಮಿತಾ ಕುಂಜತ್ತೂರಿನವಳು. ಅಪ್ಪನಿಗೆ ಹೈವೇ ಬದಿಯಲ್ಲಿ ಪಂಕ್ಚರ್ ಅಂಗಡಿ. ಮಗಳು ಕಡಲ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ದೀಪಾವಳಿ ಕಳೆದ ಮೇಲೆ ಒಂದು ಬ್ಯಾಗು, ಎರಡು ಬಕೆಟು, ನೀರಿನ ಉಪ್ಪು ಅಳೆಯುವ ಒಂದು ಯಂತ್ರ ಹಿಡಿದುಕೊಂಡು ಉಗ್ಗಪ್ಪಣ್ಣನ ದೋಣಿಯಲ್ಲಿ ನಮ್ಮ ಕುದ್ರುವಿಗೆ ಬಂದಿಳಿದಳು. ಶಿರಿಯಾ ಹೊಳೆ ಕಡಲು ಸೇರುವ ಕಡೆ, ಸುತ್ತ ನೀರು, ನಡುವೆ ನಾವೊಂದಿಷ್ಟು ಮನೆಯವರು. ಅವಳು ಉಳಿದುಕೊಂಡದ್ದು ನನ್ನ ದೊಡ್ಡಮ್ಮ ಕಿನ್ನಿಯ ಮನೆಯ ಹೊರಗಿನ ಕೋಣೆಯಲ್ಲಿ.

ಅವಳ ಕೆಲಸ ಪಚ್ಚಿಲೆ ಬೆಳೆಸುವುದು. ಬಂಡೆಗೆ ಅಂಟಿಕೊಂಡು ಬೆಳೆಯುವ ಆ ಹಸಿರು ಚಿಪ್ಪುಮೀನನ್ನು ತೆಂಕು ಕಡೆಯ ಹಿನ್ನೀರಿನಲ್ಲಿ ಹಗ್ಗದ ಮೇಲೆ ಬೆಳೆಸುತ್ತಾರೆ. ನಮ್ಮ ಕುದ್ರುವಿನಲ್ಲಿ ಯಾರೂ ಮಾಡಿ ನೋಡಿದ್ದಿಲ್ಲ. ಅವಳ ಗೈಡ್ ಮಹಾಗಣಪತಿ ಸರ್ ಎಡನೀರು ಕಡೆಯವರು. ಪಚ್ಚಿಲೆಯ ಹುಟ್ಟು, ಬೆಳವಣಿಗೆ, ರೋಗ ಎಲ್ಲ ಗೊತ್ತು, ರುಚಿ ಒಂದು ಬಿಟ್ಟು, ಶುದ್ಧ ಸಸ್ಯಾಹಾರಿ. "ಅಲ್ಲಿ ಹೊಳೆಯ ಸಿಹಿನೀರು ಜಾಸ್ತಿ, ಆಗ್ಲಿಕ್ಕಿಲ್ಲ" ಎಂದಿದ್ದರು ಅವರು. ಇವಳು ಬಿಡಲಿಲ್ಲ. ಕೊನೆಗೆ ಅವರು ಒಂದೇ ಒಂದು ಬೇಸಗೆ ಕೊಟ್ಟರು. ಮಳೆಗೆ ಮೊದಲು ಹಗ್ಗ ತುಂಬಿದರೆ ಅವಳ ಸಂಶೋಧನೆ ಇಲ್ಲಿಯೇ ಮುಂದುವರಿಯಬಹುದು. ತುಂಬದಿದ್ದರೆ ಗಂಟುಮೂಟೆ ಕಟ್ಟಿ ತೆಂಕಕ್ಕೆ ಹೋಗಬೇಕು.

ಹೋಗುವ ಮನಸ್ಸು ಅವಳಿಗಿರಲಿಲ್ಲ. ಬೆಳಿಗ್ಗೆ ಸೊಂಟಮಟ್ಟ ನೀರಿನಲ್ಲಿ ಯಂತ್ರ ಅದ್ದುವವಳು ಸಂಜೆ ನಮ್ಮ ವಾಲಿಬಾಲ್ ಅಂಕಣದಲ್ಲಿ ಇರುತ್ತಿದ್ದಳು. ಅವಳ ಸರ್ವಿಸ್ ಎತ್ತಲು ಹೋಗಿ ನನ್ನ ಹೆಬ್ಬೆರಳು ಊದಿದ್ದು ನಿಮಗೆಲ್ಲ ಗೊತ್ತುಂಟು. ರಾತ್ರಿ ಊಟಕ್ಕೆ ಇವತ್ತು ಒಂದು ಮನೆ, ನಾಳೆ ಇನ್ನೊಂದು. ಕ್ರಿಸ್‌ಮಸ್ ರಜೆ ಬರುವಷ್ಟರಲ್ಲಿ ಕುದ್ರುವಿನ ಹೆಂಗಸರೆಲ್ಲ ಅವಳ ಹಗ್ಗದ ಕೆಲಸಕ್ಕೆ ಸೇರಿಕೊಂಡಿದ್ದರು.

ಕೆಲಸ ಇಷ್ಟೇ. ಬಂಡೆಯಿಂದ ತಂದ ಉಗುರಿನಷ್ಟು ಸಣ್ಣ ಪಚ್ಚಿಲೆ ಮರಿಗಳನ್ನು ಹಗ್ಗದ ಸುತ್ತ ಇಟ್ಟು, ಮೇಲೆ ಬಟ್ಟೆ ಸುತ್ತಿ ಹೊಲಿಯಬೇಕು. ಆಮೇಲೆ ನೀರಿನಲ್ಲಿ ನೆಟ್ಟ ಬಿದಿರಿನ ಚಪ್ಪರಕ್ಕೆ ತೂಗುಹಾಕಬೇಕು. ಮರಿಗಳು ನೂಲು ಬಿಟ್ಟು ಹಗ್ಗವನ್ನು ಹಿಡಿದುಕೊಳ್ಳುವಷ್ಟರಲ್ಲಿ ಬಟ್ಟೆ ಕೊಳೆತು ಉದುರಿಹೋಗಬೇಕು. ಯಶ್ಮಿತಾ ಒಂದು ಸಾಲು ಹಗ್ಗ ತಾನೇ ಕಟ್ಟಿ ತೋರಿಸಿದಳು. ಅಷ್ಟರಲ್ಲಿ ಜ್ವರ ಹಿಡಿಯಿತು. ಅವಳಮ್ಮ ಬಂದು ಕರೆದುಕೊಂಡು ಹೋದರು. ದೋಣಿ ಹತ್ತುವಾಗಲೂ ಅವಳು, "ಉಳಿದ ಹಗ್ಗ ನೀವೇ ಕಟ್ಟಿ ದೊಡ್ಡಮ್ಮ. ಮನೆಯಲ್ಲಿದ್ದ ಹಳೇ ಬಟ್ಟೆ ಸಾಕು" ಎಂದಳು.

ಹಳೇ ಬಟ್ಟೆ! ನಮ್ಮವರು ನಿಮಗೆ ಗೊತ್ತಲ್ಲ. ಹೊರಗಿನಿಂದ ಬಂದ ಹುಡುಗಿಯ ಕೆಲಸಕ್ಕೆ, ಅದೂ ಮೊದಲ ಬಿತ್ತನೆಗೆ, ಹರಿದ ಬಟ್ಟೆ ಕೊಡುವುದೇ? ಪ್ರತಿ ಮನೆಯಲ್ಲೂ ಕಪಾಟಿನ ಬಾಗಿಲು ತೆರೆಯಿತು. ಗಲ್ಫಿನಿಂದ ಗಂಡಂದಿರು, ಮಕ್ಕಳು ತಂದು ಕೊಟ್ಟು, ಮದುವೆಗೂ ಉಡದೆ ಎತ್ತಿಟ್ಟ ಹೊಳೆಯುವ ಪಾಲಿಯೆಸ್ಟರ್ ಬಟ್ಟೆಗಳೆಲ್ಲ ಹೊರಗೆ ಬಂದವು. ಗುಲಾಬಿ, ನೇರಳೆ, ಜರಿ ಹೂವಿನವು. ಮೊದಲು ಕತ್ತರಿ ಹಾಕಿದ್ದೇ ದೊಡ್ಡಮ್ಮ.

ಎರಡು ವಾರ ಕಳೆದು ಯಶ್ಮಿತಾ ತಿರುಗಿ ಬಂದಾಗ ದೊಡ್ಡಮ್ಮ ದಡದಲ್ಲೇ ಕಾಯುತ್ತಿದ್ದಳು.

"ಬಾ ಮಗಾ, ನಿನ್ನ ಮರ್ಯಾದೆ ಉಳಿಸಿದ್ದೇವೆ. ಎಲ್ಲಾ ಶಾರ್ಜಾದ ಬಟ್ಟೆ! ವರ್ಷ ಹತ್ತಾದರೂ ಒಂದು ನೂಲು ಹೋಗ್ಲಿಕ್ಕಿಲ್ಲ."

ಯಶ್ಮಿತಾಳ ಮುಖದ ಬಣ್ಣ ಹೋಯಿತು. ಜ್ವರ ಇನ್ನೂ ಬಿಟ್ಟಿಲ್ಲ ಎಂದು ನಾನು ತಿಳಿದುಕೊಂಡೆ. ಅವಳು ಚೂಡಿದಾರಿನಲ್ಲೇ ನೀರಿಗಿಳಿದು ಎರಡು ಹಗ್ಗ ಬಿಚ್ಚಿಕೊಂಡು ಬಂದು ದೊಡ್ಡಮ್ಮನ ಮುಂದೆ ಇಟ್ಟಳು. ಒಂದು ಅವಳೇ ಕಟ್ಟಿದ್ದು. ಮುಟ್ಟಿದರೆ ಬಟ್ಟೆ ಹಪ್ಪಳದ ಹಾಗೆ ಕೈಗೆ ಬಂತು, ಒಳಗೆ ಮರಿಗಳು ಹಗ್ಗವನ್ನು ಕಚ್ಚಿ ಹಿಡಿದಿದ್ದವು. ಇನ್ನೊಂದರ ಜರಿ ಹೂವು ಅಂಗಡಿಯಿಂದ ಈಗ ತಂದ ಹಾಗೆ ಮಿನುಗುತ್ತಿತ್ತು. ಕತ್ತರಿಸಿದರೆ ಒಳಗೆಲ್ಲ ಕೆಸರು. ಮರಿಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು, ಕೆಲವು ಆಗಲೇ ಬಾಯಿ ಬಿಟ್ಟು ಸತ್ತಿದ್ದವು.

"ಉಸಿರು ಕಟ್ಟುತ್ತಾ ಉಂಟು ದೊಡ್ಡಮ್ಮ" ಎಂದಳು ಯಶ್ಮಿತಾ ಮೆಲ್ಲಗೆ. "ಬಟ್ಟೆ ಹೋಗ್ಬೇಕು. ಹೋಗದಿದ್ರೆ ಎಲ್ಲಾ ಸಾಯ್ತದೆ."

ದೊಡ್ಡಮ್ಮ ಆ ಹಗ್ಗವನ್ನೇ ನೋಡುತ್ತ ನಿಂತಳು. ಅವಳ ಮಗ ಮೊದಲ ಸಂಬಳದಲ್ಲಿ ತಂದ ಬಟ್ಟೆ ಅದು. ಅವಳು ಈಗ ಸಿಟ್ಟಾದರೆ ಕುದ್ರುವಿನ ಒಬ್ಬಳೂ ನೀರಿಗೆ ಇಳಿಯಲಿಕ್ಕಿಲ್ಲ, ಯಶ್ಮಿತಾಳ ಬೇಸಗೆ ಅಲ್ಲಿಗೆ ಮುಗಿಯಿತು. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಾಗಾದ್ರೆ ನೀನು ಎಂತಕ್ಕೆ ನಿಂತದ್ದು ಮಾರಾಯ್ತಿ? ಕತ್ತರಿ ತಾ!"

ಆಮೇಲಿನದ್ದು ನೀವೇ ದಡದಲ್ಲಿ ನಿಂತು ನೋಡಿದ್ದೀರಿ, ಮೊಬೈಲಿನಲ್ಲಿ ಹಿಡಿದದ್ದೂ ನೀವೇ. ಕುದ್ರುವಿನ ಹೆಂಗಸರೆಲ್ಲ ಎದೆಮಟ್ಟ ನೀರಿನಲ್ಲಿ, ಕೈಯಲ್ಲಿ ಟೈಲರ್ ಕತ್ತರಿ, ಮೀನು ಕೊಯ್ಯುವ ಚೂರಿ. ಮರಿಯ ನೂಲು ತುಂಡಾಗದ ಹಾಗೆ ಬಟ್ಟೆ ಸೀಳಬೇಕು. ಯಶ್ಮಿತಾ ಒಂದೊಂದು ಹಗ್ಗದ ಹತ್ತಿರ ಹೋಗಿ ತೋರಿಸುತ್ತಿದ್ದಳು. ಹಿಡಿತ ಬಿಟ್ಟ ಮರಿಗಳಿಗೆ ಮತ್ತೆ ಬಟ್ಟೆ ಸುತ್ತಬೇಕಿತ್ತು. ಹತ್ತಿಯದ್ದೇ ಆಗಬೇಕು, ತೆಳ್ಳಗಿರಬೇಕು, ಸವೆದಷ್ಟೂ ಒಳ್ಳೆಯದು. ಅಂಥದ್ದು ಎಲ್ಲಿ ಉಂಟು ಎಂದು ಎಲ್ಲರೂ ಮುಖ ಮುಖ ನೋಡುವಾಗ ದೊಡ್ಡಮ್ಮ ದೋಣಿಯ ಕಡೆ, ಉಗ್ಗಪ್ಪಣ್ಣ ತಲೆಗೆ ಸುತ್ತಿದ ಹತ್ತಿಯ ಟವೆಲಿನ ಕಡೆ ತಿರುಗಿದಳು.

"ಉಗ್ಗಪ್ಪಾ, ನಿನ್ನ ತಲೆಯ ಬೈರಾಸು ಕೊಡು."

"ಬಿಸಿಲಿಗೆ ನಾನೆಂತ ಮಾಡುವುದು ಅಕ್ಕ?"

"ತಲೆಯಲ್ಲಿ ಕೂದಲು ಇಲ್ಲದ್ದು ಎಲ್ಲರಿಗೂ ಗೊತ್ತುಂಟು, ಮುಚ್ಚಿ ಎಂತ ಆಗ್ಬೇಕು? ಕೊಡು!"

ಸಂಜೆಯೊಳಗೆ ಕುದ್ರುವಿನ ಗಂಡಸರ ಹೆಗಲು, ತಲೆ, ಸೊಂಟ ಎಲ್ಲ ಖಾಲಿ. ಎಲ್ಲ ಬೈರಾಸುಗಳೂ ಪಚ್ಚಿಲೆಯ ಮೈಮೇಲೆ. ನನ್ನದೂ ಹೋಯಿತು, ವಾಲಿಬಾಲ್ ಆಡಿ ಬೆವರು ಒರೆಸುವುದು. ಅದನ್ನು ಯಶ್ಮಿತಾ ಕೋಲಿನ ತುದಿಯಲ್ಲಿ ಎತ್ತಿಕೊಂಡಳು. "ಇದು ಆಗಲೇ ಅರ್ಧ ಕೊಳೆತಿದೆ, ಫಸ್ಟ್ ಕ್ಲಾಸ್!"

ಮತ್ತೆ ನಾಲ್ಕು ತಿಂಗಳು ಅವಳು ನೀರು ಬಿಟ್ಟು ಮೇಲೆ ಬಂದದ್ದೇ ಕಡಿಮೆ. ಏಪ್ರಿಲಿನಲ್ಲಿ ಒಂದು ಅಕಾಲ ಮಳೆ ಬಿದ್ದು ಹೊಳೆ ಸಪ್ಪೆಯಾದಾಗ ಊಟ ಬಿಟ್ಟು ದಡದಲ್ಲಿ ಕೂತಿದ್ದಳು. ಭರತದ ನೀರು ಏರಿ ಯಂತ್ರದಲ್ಲಿ ಮತ್ತೆ ಉಪ್ಪು ಕಂಡ ಮೇಲೆಯೇ ಗಂಜಿ ಕುಡಿದದ್ದು.

ಇವತ್ತು ಬೆಳಿಗ್ಗೆ ಮಹಾಗಣಪತಿ ಸರ್ ಬಂದರು. ಪ್ಯಾಂಟು ಮಡಚಿ ನೀರಿಗಿಳಿದು ಮೊದಲ ಹಗ್ಗಕ್ಕೆ ಅವರೇ ಕೈ ಹಾಕಿದರು. ಎಳೆದರು. ಬರಲಿಲ್ಲ. ಮತ್ತೆ ಎಳೆದರು.

"ಎಲ್ಲಿಯಾದರೂ ಸಿಕ್ಕಿಕೊಂಡಿದೆಯಾ ಯಶ್ಮಿತಾ?"

"ಇಲ್ಲ ಸರ್" ಎಂದಳು ಅವಳು. ನಗು ಕಿವಿಯಿಂದ ಕಿವಿಗೆ. "ಅದು ಅಷ್ಟೇ ಭಾರ."

ನಾನು, ಉಗ್ಗಪ್ಪಣ್ಣ, ಸರ್ ಮೂವರೂ ಸೇರಿ ಎತ್ತಿದೆವು. ಮಾರಾಯ್ರೆ, ಹಗ್ಗವೇ ಕಾಣುವುದಿಲ್ಲ! ಗೊನೆಯಲ್ಲಿ ಕಾಯಿ ಹಿಡಿದ ಹಾಗೆ ಬೆರಳುದ್ದದ ಪಚ್ಚಿಲೆ, ಮೇಲಿನಿಂದ ಕೆಳಗಿನವರೆಗೆ ಹಸಿರು ಹಸಿರು. ಹೆಂಗಸರು ಹಾಕಿದ ಕೂಗು ನಿಮ್ಮ ಹೋಟೆಲಿಗೂ ಕೇಳಿರಬೇಕು. ಸರ್ ಒಂದು ಪಚ್ಚಿಲೆ ಕಿತ್ತು ಅಂಗೈಯಲ್ಲಿ ತಿರುಗಿಸಿ ನೋಡಿದರು.

"ನಾನು ಆಗ್ಲಿಕ್ಕಿಲ್ಲ ಅಂದಿದ್ದೆ" ಎಂದರು. "ಆಗಿದೆ. ಮುಂದಿನ ವರ್ಷವೂ ಇಲ್ಲೇ ಮಾಡು. ಹಗ್ಗ ಇದರ ಎರಡು ಪಾಲು ಹಾಕು."

ದೊಡ್ಡಮ್ಮ ಯಶ್ಮಿತಾಳನ್ನು ಅಪ್ಪಿಕೊಂಡ ರಭಸಕ್ಕೆ ಇಬ್ಬರೂ ನೀರಿಗೆ ಬಿದ್ದರು.

ಮಧ್ಯಾಹ್ನದೊಳಗೆ ಉಳಿದ ಹಗ್ಗಗಳನ್ನೂ ಎತ್ತಿದೆವು. ಆಮೇಲೆ ಅಂಗಳದಲ್ಲಿ ಎಲ್ಲರಿಗೂ ಪಚ್ಚಿಲೆ ಸುಕ್ಕ, ನೀರು ದೋಸೆ. ಸರ್‌ಗೆ ದೊಡ್ಡಮ್ಮ ಬೇರೆ ಒಲೆಯಲ್ಲಿ ದೋಸೆ ಹುಯ್ದು ಕಾಯಿಬೆಲ್ಲ ಕೊಟ್ಟಳು. "ಪಾಪ, ಇಷ್ಟೆಲ್ಲ ಕಲಿತೂ ತಿನ್ಲಿಕ್ಕೆ ಆಗುವುದಿಲ್ಲವಲ್ಲ" ಎಂದು ಅವರ ಎದುರಲ್ಲೇ ಮರುಗಿದಳು. ಸರ್ ನಕ್ಕು ಇನ್ನೆರಡು ದೋಸೆ ಹಾಕಿಸಿಕೊಂಡರು. ನಿಮಗೂ ಒಂದು ಬಕೆಟು ತೆಗೆದಿಟ್ಟಿದ್ದೇವೆ, ನಾಚಿಕೆ ಬಿಟ್ಟು ಬನ್ನಿ.

ಸರ್ ಅವರನ್ನು ದೋಣಿ ಹತ್ತಿಸಿ ಕಳಿಸಿದ ಮೇಲೆ, ಹೊತ್ತು ಮುಳುಗುವ ಮೊದಲು, ಯಶ್ಮಿತಾ ನಮ್ಮನ್ನೆಲ್ಲ ಮತ್ತೆ ನೀರಿಗೆ ಇಳಿಸಿದಳು. ಮಳೆಗಾಲದ ನೆರೆ ಬಿದಿರನ್ನೆಲ್ಲ ಕಡಲಿಗೆ ಒಯ್ಯುತ್ತದೆ, ಈಗಲೇ ಕೀಳಬೇಕು. ಒಂದೊಂದಾಗಿ ಕಿತ್ತು ದಡಕ್ಕೆ ಹಾಕಿದೆವು. ಕೊನೆಯದಕ್ಕೆ ನಾನು ಕೈ ಹಾಕಿದಾಗ ಅವಳು ತಡೆದಳು.

"ಅದು ಇರ್ಲಿ ಪ್ರವೀತ್. ಜಾಗ ಹಿಡಿದಿಡ್ಲಿಕ್ಕೆ."

ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ, ಅಲುಗಾಡದಷ್ಟು ಆಳಕ್ಕೆ ಒತ್ತಿದಳು.